ಕೂಡಿ ಹಾಡುವ ಹಕ್ಕು

ವರದಾ ನದಿಯ ದಂಡೆಯ ಹೊಸರಿತ್ತಿಯಿಂದ ಹಿಡಿದು ಬ್ಯಾಡಗಿ, ರಾಣೇಬೆನ್ನೂರು ಸೀಮೆಯ ಕೊನೆಯ ಹಳ್ಳಿಯವರೆಗೆ ಭಜನಾ ಮೇಳವಿಲ್ಲದ ಊರನ್ನು ಹುಡುಕುವುದು ಕಷ್ಟ. ಹಗಲೆಲ್ಲ ಹೊಲದಲ್ಲೋ ಗಿರಣಿಯಲ್ಲೋ ದುಡಿದು ದಣಿದವರು ರಾತ್ರಿ ಗುಡಿಯ ಕಟ್ಟೆಗೆ ಬಂದು ಕೂಡುತ್ತಾರೆ. ಒಬ್ಬ ಪೇಟಿ ಹಿಡಿಯುತ್ತಾನೆ, ಒಬ್ಬ ಡಗ್ಗಾ ಬಾರಿಸುತ್ತಾನೆ, ಒಬ್ಬ ತಾಳ ಹಾಕುತ್ತಾನೆ, ಉಳಿದವರು ದನಿಗೂಡಿಸುತ್ತಾರೆ. ಇವರೆಲ್ಲ ಹುಟ್ಟು ಹಾಡುಗಾರರೇನೂ ಅಲ್ಲ. ಒಬ್ಬನೇ ಹಾಡೆಂದರೆ ನಾಚಿ ಹಿಂದೆ ಸರಿಯುವ ಮನುಷ್ಯ ಹತ್ತು ಮಂದಿಯ ನಡುವೆ ನಿಂತಾಗ ಗಂಟಲು ಬಿಚ್ಚುತ್ತಾನೆ. ಮೇಳದ ಗುಣವೇ ಅದು. ಅಂಜುವವನಿಗೆ ಅದು ಜೊತೆ ಕೊಡುತ್ತದೆ. ಜೊತೆ ಸಿಕ್ಕವನಿಗೆ ಧೈರ್ಯ ತಾನಾಗಿಯೇ ಬರುತ್ತದೆ.

ಈ ವಾರ ನಾವು ಹೇಳಹೊರಟಿರುವುದೂ ಒಂದು ಮೇಳದ ಸಂಗತಿಯನ್ನೇ. ಆದರೆ ಅದು ಗುಡಿಯ ಕಟ್ಟೆಯ ಮೇಲೆ ಕೂಡಿದ ಮೇಳವಲ್ಲ. ಹೆಣ್ಣನ್ನಲ್ಲದೆ ಗಂಡನ್ನೇ ಒಲಿಯುವ ಗಂಡಸರು, ಅಂದರೆ ಜಗತ್ತು ಇಂದು ಗೇ ಎಂದು ಕರೆಯುವ, ನಮ್ಮ ಪತ್ರಿಕೆಗಳು ಸಲಿಂಗಪ್ರೇಮಿಗಳೆಂದು ಬರೆಯುವ ಜನರು, ತಮ್ಮ ಹೆಸರನ್ನು ಮರೆಮಾಚದೆ ಕಟ್ಟಿಕೊಂಡ ಮೇಳ. ಇಷ್ಟು ಓದಿದೊಡನೆ ಪುಟ ಮಗುಚಬೇಕೆಂದು ಕೆಲವು ವಾಚಕರಿಗೆ ಅನಿಸೀತು. ಮಗುಚಬಾರದೆಂದು ನಮ್ಮ ವಿನಂತಿ. ಇದು ದೂರದ ಊರಿನ ವಿಚಿತ್ರ ಸುದ್ದಿಯಲ್ಲ. ಇಂಥ ಮಕ್ಕಳು ನಮ್ಮ ಓಣಿಗಳಲ್ಲೂ ಹುಟ್ಟಿದ್ದಾರೆ, ನಮ್ಮ ಗಿರಣಿಗಳಲ್ಲೂ ದುಡಿಯುತ್ತಾರೆ, ನಮ್ಮ ಅಂಗಡಿಗಳ ಗಲ್ಲೆಯ ಮೇಲೂ ಕೂಡುತ್ತಾರೆ. ಅವರು ನಮಗೆ ಕಾಣುತ್ತಿಲ್ಲವೆಂದರೆ, ನಮ್ಮ ಅಂಜಿಕೆಯಿಂದ ಅವರು ಅಡಗಿಕೊಂಡಿದ್ದಾರೆ ಎಂದೇ ಅರ್ಥ.

ಮೊದಲು ಆ ಮೇಳ ಹುಟ್ಟಿದ ಬಗೆಯನ್ನು ಹೇಳೋಣ. ಅಮೇರಿಕೆಯ ಪಶ್ಚಿಮ ಕರಾವಳಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಎಂಬ ಬಂದರು ಪಟ್ಟಣವಿದೆ. ಮನೆಯಿಂದ, ಊರಿಂದ ದೂರವಾದ ಸಲಿಂಗಪ್ರೇಮಿಗಳು ದೇಶದ ಮೂಲೆಮೂಲೆಗಳಿಂದ ಬಂದು ಅಲ್ಲಿ ನೆಲೆ ನಿಂತಿದ್ದರು. ಅವರಲ್ಲಿ ಹಾರ್ವೆ ಮಿಲ್ಕ್ ಎಂಬಾತ ಒಬ್ಬ. ಕ್ಯಾಸ್ಟ್ರೋ ಬೀದಿಯಲ್ಲಿ ಆತನದೊಂದು ಸಣ್ಣ ಕ್ಯಾಮೆರಾ ಅಂಗಡಿ. ಅಂದರೆ ನಮ್ಮ ವಾಚಕರಂತೆಯೇ ಆತನೂ ಸಣ್ಣ ವ್ಯಾಪಾರಿ. ಲಾರಿ ಚಾಲಕರ ಸಂಘವು ಕೂರ್ಸ್ ಎಂಬ ಬೀರಿನ ಕಂಪನಿಯ ವಿರುದ್ಧ ಬಹಿಷ್ಕಾರ ಹೂಡಿದಾಗ ಈ ಅಂಗಡಿಕಾರ ಓಡಾಡಿ, ತನ್ನ ಜನ ನಡೆಸುತ್ತಿದ್ದ ಮದ್ಯದಂಗಡಿಗಳಿಂದ ಆ ಬೀರನ್ನು ತೆಗೆಸಿದ. ಅದಕ್ಕೆ ಪ್ರತಿಯಾಗಿ ಆತ ಕೇಳಿದ್ದು ಒಂದೇ: ನಮ್ಮ ಹುಡುಗರಿಗೂ ಲಾರಿ ನಡೆಸುವ ಕೆಲಸ ಕೊಡಿಸಿರಿ ಎಂಬುದು. ದುಡಿಯುವವರ ಸಂಘಕ್ಕೂ ತುಚ್ಛೀಕರಿಸಲ್ಪಟ್ಟ ಜನಕ್ಕೂ ನಡುವೆ ಇಂಥ ಕೈಬದಲು ನಡೆಯಬಲ್ಲದೆಂಬುದನ್ನು ಮೊದಲು ಮನಗಂಡವರಲ್ಲಿ ಆತನೂ ಒಬ್ಬ. ೧೯೭೭ರ ನವೆಂಬರಿನಲ್ಲಿ ಜನ ಆತನನ್ನು ನಗರಸಭೆಗೆ ಆರಿಸಿ ಕಳುಹಿಸಿದರು.

೧೯೭೮ನೆಯ ಇಸವಿ ಆ ಜನಕ್ಕೆ ಕಠಿಣ ಪರೀಕ್ಷೆಯ ವರ್ಷ. ಸಲಿಂಗಪ್ರೇಮಿಗಳನ್ನು ಶಾಲೆಗಳ ಶಿಕ್ಷಕ ವೃತ್ತಿಯಿಂದ ತೆಗೆದುಹಾಕಬೇಕೆಂಬ ಪ್ರಸ್ತಾಪವೊಂದು ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಮತಕ್ಕೆ ಬಂದಿತ್ತು. ಮತದಾನ ನವೆಂಬರ್ ೭ರಂದು. ಅದಕ್ಕೆ ಎಂಟು ದಿನ ಮೊದಲು, ಅಕ್ಟೋಬರ್ ೩೦ರ ಸೋಮವಾರ ರಾತ್ರಿ, ಜಾನ್ ಸಿಮ್ಸ್ ಎಂಬ ಸಂಗೀತ ಶಿಕ್ಷಕ ಹಾಡಬಲ್ಲ ಗಂಡಸರನ್ನು ಕೂಡಿಸಿ ತಾಲೀಮು ಆರಂಭಿಸಿದ. ಮೇಳಕ್ಕೆ ಇಟ್ಟ ಹೆಸರು ಸ್ಯಾನ್ ಫ್ರಾನ್ಸಿಸ್ಕೋ ಗೇ ಮೆನ್ಸ್ ಕೋರಸ್. ಹೆಸರಿನಲ್ಲಿಯೇ ತಾವು ಯಾರೆಂಬುದನ್ನು ಸಾರಿ ಹೇಳುವ ಮೇಳ. ಆ ದಿನಗಳಲ್ಲಿ ಅಂಥ ಹೆಸರಿನ ಪಟ್ಟಿಯಲ್ಲಿ ಸೇರುವುದೆಂದರೆ ನೌಕರಿ, ಮನೆ, ಬಂಧುಬಳಗ ಮೂರನ್ನೂ ಪಣಕ್ಕಿಟ್ಟಂತೆ. ಆದರೂ ಜನ ಸೇರಿದರು. ನವೆಂಬರ್ ೭ರಂದು ಆ ಪ್ರಸ್ತಾಪವೂ ಸೋತಿತು.

ಗೆಲುವಿನ ಸಂತೋಷ ಮೂರು ವಾರವೂ ಬಾಳಲಿಲ್ಲ. ನವೆಂಬರ್ ೨೭ರಂದು ನಗರಸಭೆಯ ಮಾಜಿ ಸದಸ್ಯನೊಬ್ಬ ಪಿಸ್ತೂಲು ಹಿಡಿದು ನಗರಭವನದೊಳಗೆ ನುಗ್ಗಿ, ಮಹಾಪೌರ ಜಾರ್ಜ್ ಮಾಸ್ಕೋನಿಯವರನ್ನೂ ಹಾರ್ವೆ ಮಿಲ್ಕನನ್ನೂ ಗುಂಡಿಕ್ಕಿ ಕೊಂದ. ಅಂದು ಸೋಮವಾರ, ಮೇಳದ ತಾಲೀಮಿನ ದಿನ. ಅಂದು ಸಂಜೆ ಸಾವಿರಾರು ಜನ ಮೇಣದ ಬತ್ತಿ ಹಿಡಿದು ಮೌನವಾಗಿ ನಗರಭವನದತ್ತ ನಡೆದರು. ಆ ಭವನದ ಮೆಟ್ಟಿಲುಗಳ ಮೇಲೆ ನಿಂತು ಈ ಹೊಸ ಮೇಳದವರು ಮೆಂಡೆಲ್ಸನ್ ಎಂಬ ಜರ್ಮನ್ ಸಂಗೀತಗಾರ ರಚಿಸಿದ ಒಂದು ಪ್ರಾರ್ಥನಾಗೀತೆಯನ್ನು ಹಾಡಿದರು. ಮೇಳ ಜನರೆದುರಿಗೆ ಹಾಡಿದ್ದು ಅದೇ ಮೊದಲು. ಸಂಭ್ರಮಕ್ಕೆಂದು ಹುಟ್ಟಿದ ಮೇಳ ಸೂತಕದ ಮನೆಯಲ್ಲಿ ಬಾಯಿ ತೆರೆಯಬೇಕಾಯಿತು. ಕಲ್ಲು ತೂರಬಹುದಾಗಿದ್ದ ಹೊತ್ತಿನಲ್ಲಿ ಅವರು ಹಾಡಿದರೆಂಬುದನ್ನು ನಾವು ಗಮನಿಸಬೇಕು.

ಇಂಥ ಮೇಳ ನಡೆಯುವ ರೀತಿಯನ್ನೂ ಎರಡು ಮಾತಿನಲ್ಲಿ ಹೇಳುವುದು ಲೇಸು. ನಮ್ಮ ಭಜನೆಯಲ್ಲಿ ಮುಂದಾಳು ಒಂದು ಸಾಲು ಎತ್ತಿಕೊಡುತ್ತಾನೆ, ಹಿಮ್ಮೇಳದವರು ಅದನ್ನೇ ತಿರುಗಿ ಹಾಡುತ್ತಾರೆ. ಪಾಶ್ಚಾತ್ಯರ ಪದ್ಧತಿಯಲ್ಲಿ ಗಂಡಸರ ಮೇಳವನ್ನು ದನಿಯ ಏರು ತಗ್ಗುಗಳಿಗೆ ತಕ್ಕಂತೆ ನಾಲ್ಕು ಪಾಲು ಮಾಡುತ್ತಾರೆ. ಎತ್ತರದ ದನಿಯವು ಎರಡು ಪಾಲು, ನಡುದನಿಯದು ಒಂದು, ತಗ್ಗಿನ ಭಾರದ ದನಿಯದು ಇನ್ನೊಂದು. ನಾಲ್ಕೂ ಬೇರೆ ಬೇರೆ ಸ್ವರದಲ್ಲಿ ಏಕಕಾಲಕ್ಕೆ ಹಾಡಿ ಒಂದೇ ಹಾಡಾಗುತ್ತದೆ. ಒಂದು ಪಾಲು ತಪ್ಪಿದರೆ ಹಾಡು ಕುಂಟುತ್ತದೆ. ಆದುದರಿಂದ ವಾರವಾರವೂ ತಾಲೀಮು ಬೇಕು, ಹೊತ್ತಿಗೆ ಸರಿಯಾಗಿ ಬರಬೇಕು, ಪಕ್ಕದವನ ದನಿಗೆ ಕಿವಿಗೊಡಬೇಕು. ಖರ್ಚಿಗೆ ಸದಸ್ಯರು ವಂತಿಗೆ ಹಾಕುತ್ತಾರೆ. ಬ್ಯಾಂಕಿನ ಗುಮಾಸ್ತ, ಅಡಿಗೆಯವ, ವಕೀಲ, ಬಸ್ಸಿನ ಚಾಲಕ ಯಾರೇ ಇರಲಿ, ಹಾಡಲು ನಿಂತಾಗ ಅವರವರ ದನಿಯ ಪಾಲೇ ಅವರ ಜಾಗ. ಕಾರ್ಮಿಕ ಸಂಘ ಕಟ್ಟಿದ ನಮ್ಮ ವಾಚಕರಿಗೆ ಇದು ಹೊಸ ಪಾಠವೇನಲ್ಲ. ವಾರದ ಸಭೆ, ವಂತಿಗೆಯ ಪಾವತಿ, ಒಬ್ಬನ ಕಷ್ಟಕ್ಕೆ ಎಲ್ಲರೂ ನಿಲ್ಲುವ ರೂಢಿ: ಸಂಘ ಬೆಳೆಯುವ ದಾರಿಯೂ ಮೇಳ ಬೆಳೆಯುವ ದಾರಿಯೂ ಬೇರೆಯಲ್ಲ.

ಬೆಳವಣಿಗೆಯೂ ಹಾಗೆಯೇ ನಡೆಯಿತು. ೧೯೮೧ರಲ್ಲಿ ಮೇಳದವರು ಅಮೇರಿಕೆಯ ಹಲವು ಪಟ್ಟಣಗಳಿಗೆ ಸಂಚಾರ ಹೋಗಿ ಹಾಡಿಬಂದರು. ಅವರು ಹಾಡಿ ಹೋದ ಊರುಗಳಲ್ಲಿ ಅದನ್ನು ಕೇಳಿದವರು, ನಾವೂ ಏಕೆ ಕೂಡಬಾರದೆಂದುಕೊಂಡರು. ೧೯೮೨ರಲ್ಲಿ ಇಂಥ ಮೇಳಗಳೆಲ್ಲ ಸೇರಿ ಗಾಲಾ ಎಂಬ ಒಕ್ಕೂಟವನ್ನು ಕಟ್ಟಿಕೊಂಡವು. ೧೯೮೩ರಲ್ಲಿ ನ್ಯೂಯಾರ್ಕಿನಲ್ಲಿ ಕೂಡಿ ಉತ್ಸವ ನಡೆಸಿದವು. ಗಂಡಸರವು ಮಾತ್ರವಲ್ಲ, ಹೆಂಗಸರ ಮೇಳಗಳೂ ಅದರಲ್ಲಿದ್ದವು. ಫಿಲಡೆಲ್ಫಿಯಾದ ಹೆಂಗಸರ ಮೇಳ ೧೯೭೫ರಷ್ಟು ಹಳೆಯದು. ಲಂಡನ್ನಿನ ಮೇಳದ ಆರಂಭ ಇನ್ನೂ ಸಣ್ಣದು. ೧೯೯೧ರ ಡಿಸೆಂಬರಿನಲ್ಲಿ ಒಂಬತ್ತು ಮಂದಿ ಗೆಳೆಯರು ಏಂಜಲ್ ಎಂಬ ಭೂಗತ ರೈಲು ನಿಲ್ದಾಣದಲ್ಲಿ ನಿಂತು ಕ್ರಿಸ್‌ಮಸ್ ಹಾಡುಗಳನ್ನು ಹಾಡಿ, ಏಡ್ಸ್ ರೋಗಿಗಳಿಗೆ ನೆರವಾಗುವ ಸಂಸ್ಥೆಗೆ ಹಣ ಕೂಡಿಸಿದರು. ಆ ಒಂಬತ್ತು ಮಂದಿಯ ಗುಂಪೇ ಮುಂದೆ ಬೆಳೆದು ಯುರೋಪಿನ ದೊಡ್ಡ ಮೇಳಗಳಲ್ಲಿ ಒಂದಾಯಿತು. ಒಂಬತ್ತು ಮಂದಿ ಎಂದರೆ ನಮ್ಮ ಒಂದು ಭಜನಾ ಮೇಳದಷ್ಟೂ ಅಲ್ಲ.

ಏಡ್ಸ್ ಎಂದೆವು. ಆ ಮಾತನ್ನು ಬಿಟ್ಟು ಈ ಇತಿಹಾಸ ಬರೆಯುವಂತಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಮೇಳ ಸಂಚಾರ ಹೊರಟ ೧೯೮೧ರ ಜೂನ್ ತಿಂಗಳಲ್ಲಿಯೇ ಅಮೇರಿಕೆಯ ಆರೋಗ್ಯ ಇಲಾಖೆ, ಹೆಸರಿಲ್ಲದ ಒಂದು ಹೊಸ ಬೇನೆಯ ಮೊದಲ ವರದಿಯನ್ನು ಪ್ರಕಟಿಸಿತು. ಮುಂದಿನ ವರ್ಷಗಳಲ್ಲಿ ಆ ಬೇನೆ ಮೇಳದ ಸಾಲುಗಳನ್ನೇ ಕೊಯ್ದುಹಾಕಿತು. ಮೇಳ ಕಟ್ಟಿದ ಜಾನ್ ಸಿಮ್ಸ್ ೧೯೮೪ರಲ್ಲಿ ಅದರಿಂದಲೇ ತೀರಿಕೊಂಡ. ಒಟ್ಟು ೩೦೦ಕ್ಕೂ ಹೆಚ್ಚು ಸದಸ್ಯರನ್ನು ಆ ಒಂದು ಮೇಳ ಕಳೆದುಕೊಂಡಿದೆ. ಹೆತ್ತವರು ಮಕ್ಕಳನ್ನು ಮುಟ್ಟಲು ಅಂಜುತ್ತಿದ್ದ ಕಾಲ ಅದು. ಆಸ್ಪತ್ರೆಯ ಮಂಚದ ಬಳಿ ಕುಳಿತವರು, ಹೆಣ ಹೊತ್ತವರು, ಮಣ್ಣಿನ ಕಾಲಕ್ಕೆ ಹಾಡಿದವರು ಬಹಳ ಸಲ ಮೇಳದ ಗೆಳೆಯರೇ. ತೀರಿಹೋದ ಸದಸ್ಯರನ್ನು ಆ ಮೇಳ ಇಂದಿಗೂ ತನ್ನ ಐದನೆಯ ಪಾಲು ಎಂದು ಕರೆಯುತ್ತದೆ. ನಾಲ್ಕು ಪಾಲು ಹಾಡುವವರದು. ಐದನೆಯದು, ಹಾಡಲು ಇನ್ನು ಬರಲಾರದವರದು. ಅವರ ಹೆಸರುಗಳನ್ನು ಪಟ್ಟಿಯಿಂದ ಹೊಡೆದುಹಾಕಿಲ್ಲ. ಮನೆತನದ ಹೆಸರೇ ಕೆಲವರನ್ನು ಕೈಬಿಟ್ಟಾಗ ಮೇಳವೇ ಮನೆತನವಾಯಿತು.

ಇದೆಲ್ಲ ಅಮೇರಿಕೆಯ ಸುದ್ದಿ, ದುಡಿಯುವ ಜನಕ್ಕೂ ಇದಕ್ಕೂ ಏನು ಸಂಬಂಧ ಎಂದು ಗಿರಣಿಯ ಗೆಳೆಯರು ಕೇಳಬಹುದು. ಉತ್ತರಕ್ಕೆ ಬ್ರಿಟನ್ನಿನ ಕಲ್ಲಿದ್ದಲ ಗಣಿಗಳತ್ತ ನೋಡಬೇಕು. ೧೯೮೪ರ ಮಾರ್ಚಿನಿಂದ ಒಂದು ವರ್ಷ ಕಾಲ ಅಲ್ಲಿಯ ಗಣಿಕಾರ್ಮಿಕರು ಥ್ಯಾಚರ್ ಸರಕಾರದ ವಿರುದ್ಧ ಮುಷ್ಕರ ಹೂಡಿದ್ದರು. ಅವರ ಮಕ್ಕಳು ಹಸಿದಿದ್ದಾಗ ಲಂಡನ್ನಿನ ಸಲಿಂಗಪ್ರೇಮಿ ಯುವಕ ಯುವತಿಯರು, ಮಾರ್ಕ್ ಆಶ್ಟನ್ ಮತ್ತು ಮೈಕ್ ಜಾಕ್ಸನ್ ಎಂಬಿಬ್ಬರ ಮುಂದಾಳುತನದಲ್ಲಿ, ಬಕೀಟು ಹಿಡಿದು ಬೀದಿಯಲ್ಲಿ ನಿಂತು ಹಣ ಎತ್ತಿದರು. ದಕ್ಷಿಣ ವೇಲ್ಸಿನ ಡುಲೈಸ್ ಕಣಿವೆಯ ಗಣಿಹಳ್ಳಿಗಳಿಗೆ ಅದನ್ನು ಮುಟ್ಟಿಸಿದರು. ೧೯೮೪ರ ಡಿಸೆಂಬರ್ ೧೦ರಂದು ಲಂಡನ್ನಿನಲ್ಲಿ ಹಾಡಿನ ಕಚೇರಿಯನ್ನೇ ನಡೆಸಿ ನಿಧಿ ಕೂಡಿಸಿದರು. ವೇಲ್ಸಿನ ಗಣಿಹಳ್ಳಿಗಳೆಂದರೆ ಗಂಡಸರ ಗಾಯನ ಮೇಳಗಳಿಗೆ ಹೆಸರಾದ ನಾಡು. ಕೂಡಿ ಹಾಡುವವರ ಬೆಲೆ ಅವರಿಗೆ ಗೊತ್ತಿತ್ತು. ಮುಷ್ಕರ ಗೆಲ್ಲಲಿಲ್ಲ. ಆದರೆ ಋಣವನ್ನು ಗಣಿಯವರು ಮರೆಯಲಿಲ್ಲ. ೧೯೮೫ರ ಜೂನಿನಲ್ಲಿ ಲಂಡನ್ನಿನ ಸಲಿಂಗಪ್ರೇಮಿಗಳ ಮೆರವಣಿಗೆಯ ಮುಂಭಾಗದಲ್ಲಿ ಗಣಿಕಾರ್ಮಿಕರು ತಮ್ಮ ಸಂಘದ ಪತಾಕೆ ಹಿಡಿದು ನಡೆದರು. ಅದೇ ವರ್ಷದ ಲೇಬರ್ ಪಕ್ಷದ ಅಧಿವೇಶನದಲ್ಲಿ ಸಲಿಂಗಪ್ರೇಮಿಗಳ ಸಮಾನ ಹಕ್ಕಿನ ನಿರ್ಣಯಕ್ಕೆ ಗಣಿಕಾರ್ಮಿಕರ ಸಂಘ ಬೆಂಬಲವಾಗಿ ನಿಂತಿತು. ತುಳಿಸಿಕೊಂಡವನಿಗೆ ತುಳಿಸಿಕೊಂಡವನೇ ನೆಂಟ ಎಂಬುದನ್ನು ಅವರು ಪುಸ್ತಕ ಓದಿ ಕಲಿತದ್ದಲ್ಲ.

ಇನ್ನು ನಮ್ಮ ದೇಶದ ಮಾತು. ಸಲಿಂಗಪ್ರೇಮ ವಿದೇಶಿ ರೋಗವೆಂದು ಉಪದೇಶ ಮಾಡುವವರಿದ್ದಾರೆ. ವಿದೇಶದಿಂದ ಬಂದದ್ದು ಪ್ರೇಮವಲ್ಲ, ಅದನ್ನು ಅಪರಾಧವೆಂದ ಕಾಯಿದೆ. ೧೮೬೦ರಲ್ಲಿ ಬ್ರಿಟಿಷರು ಬರೆದ ಭಾರತ ದಂಡಸಂಹಿತೆಯ ೩೭೭ನೆಯ ಕಲಮು ಅದು. ಬರೆದವರು ತಮ್ಮ ನಾಡಿನಲ್ಲಿ ಅಂಥ ಕಾಯಿದೆಯನ್ನು ೧೯೬೭ರಿಂದಲೇ ಸಡಿಲಿಸಿದರು; ನಾವು ಮಾತ್ರ ಅದನ್ನು ಪೂಜೆಯ ಸಾಲಿಗ್ರಾಮದಂತೆ ಕಾಯ್ದುಕೊಂಡು ಬಂದೆವು. ಪೊಲೀಸನಿಗೆ ಲಂಚಕ್ಕೊಂದು ದಾರಿ, ಪುಂಡನಿಗೆ ಸುಲಿಗೆಗೊಂದು ನೆಪ: ಆ ಕಲಮಿನ ನಿತ್ಯದ ಉಪಯೋಗ ಅದೇ ಆಗಿತ್ತು. ೨೦೦೯ರ ಜುಲೈ ೨ರಂದು ದಿಲ್ಲಿ ಹೈಕೋರ್ಟು ಅದರ ಹಲ್ಲು ಕಿತ್ತಿತು. ೨೦೧೩ರ ಡಿಸೆಂಬರ್ ೧೧ರಂದು ಸುಪ್ರೀಂ ಕೋರ್ಟು ಹಲ್ಲನ್ನು ಮರಳಿ ಜೋಡಿಸಿತು. ೨೦೧೭ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕೆಂದು ಅದೇ ಕೋರ್ಟು ಸಾರಿತು. ಕೊನೆಗೆ ೨೦೧೮ರ ಸೆಪ್ಟೆಂಬರ್ ೬ರಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ, ವಯಸ್ಕರಿಬ್ಬರು ಒಪ್ಪಿ ಕೂಡುವುದು ಅಪರಾಧವಲ್ಲವೆಂದು ತೀರ್ಪಿತ್ತರು. ಆ ಅರ್ಜಿಯ ಮೊದಲ ಹೆಸರು ನವತೇಜ್ ಸಿಂಗ್ ಜೋಹರ್, ಭರತನಾಟ್ಯದ ಕಲಾವಿದ. ಮದುವೆಯ ಹಕ್ಕನ್ನು ಮಾತ್ರ ಕೋರ್ಟು ೨೦೨೩ರ ಅಕ್ಟೋಬರ್ ೧೭ರಂದು ಒಪ್ಪಲಿಲ್ಲ.

ಆದರೆ ಕೋರ್ಟಿನ ತೀರ್ಪಿಗಾಗಿ ಈ ಜನ ಕೈಕಟ್ಟಿ ಕೂತಿರಲಿಲ್ಲ. ಬೆಂಗಳೂರಿನಲ್ಲಿ ೧೯೯೪ರಲ್ಲಿಯೇ ಗುಡ್ ಆ್ಯಸ್ ಯೂ ಎಂಬ ಗೆಳೆಯರ ಕೂಟ ಸೇರಿತು. ೧೯೯೯ರಲ್ಲಿ ಸಂಗಮ ಸಂಸ್ಥೆ ಹುಟ್ಟಿತು. ೨೦೦೮ರ ಜೂನಿನಲ್ಲಿ ಬೆಂಗಳೂರಿನ ಬೀದಿಯಲ್ಲಿ ಮೊದಲ ಸ್ವಾಭಿಮಾನ ಮೆರವಣಿಗೆ ನಡೆಯಿತು. ಮುಂಬಯಿಯಲ್ಲಿ ೨೦೧೪ರಲ್ಲಿ ರೇನ್‌ಬೋ ವಾಯ್ಸಸ್ ಎಂಬ ಗಾಯನ ಮೇಳ ಕೂಡಿತು. ಅದರಲ್ಲಿ ಗಂಡಸರು ಮಾತ್ರವಲ್ಲ, ಈ ಬಗೆಯ ಎಲ್ಲರೂ ಸೇರಿದರು. ಇಸವಿಯನ್ನು ಗಮನಿಸಿರಿ: ಸುಪ್ರೀಂ ಕೋರ್ಟು ಹಳೆಯ ಕಲಮನ್ನು ಮರಳಿ ಕೂರಿಸಿದ್ದು ೨೦೧೩ರ ಕೊನೆಗೆ, ಮೇಳ ಕೂಡಿದ್ದು ಮರುವರ್ಷ. ಕಾಯಿದೆ ಇವರನ್ನು ಅಪರಾಧಿಗಳೆಂದು ಕರೆಯುತ್ತಿದ್ದಾಗಲೇ ಅವರು ವೇದಿಕೆ ಹತ್ತಿ ಹಾಡಿದರು. ಮುಂಬಯಿಗೆ ಇದು ಹೊಸದಲ್ಲ. ಗಿರಣಿ ಕಾಮಗಾರರ ನಡುವಿನಿಂದ ಬಂದ ಅಣ್ಣಾಭಾವು ಸಾಠೆ, ಅವರ ಜೊತೆಗೆ ಅಮರ ಶೇಖ, ಗವಾಣಕರ ೧೯೪೪ರಲ್ಲಿ ಲಾಲ್ ಬಾವಟಾ ಕಲಾಪಥಕವನ್ನು ಕಟ್ಟಿ, ಚಾಳುಗಳ ಅಂಗಳದಲ್ಲಿ ಲಾವಣಿ ಹಾಡಿಯೇ ದುಡಿಯುವವರನ್ನು ಎಚ್ಚರಿಸಿದ್ದರು. ಬಾಯಿಲ್ಲದವರು ಬಾಯಿ ಪಡೆದದ್ದು ಆ ಊರಿನಲ್ಲಿ ಹಾಡಿನಿಂದಲೇ.

ನಮ್ಮ ಉತ್ತರ ಕರ್ನಾಟಕಕ್ಕೂ ಇದು ಪೂರಾ ಅಪರಿಚಿತವಲ್ಲ. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಸೀರೆಯುಟ್ಟು, ಚೌಡಿಕೆ ಹಿಡಿದು ಹಾಡುವ ಜೋಗಪ್ಪಗಳನ್ನು, ಜೋಗತಿಯರನ್ನು ನಮ್ಮ ಹಿರಿಯರೆಲ್ಲ ಬಲ್ಲರು. ಜೋಗತಿ ಮಂಜಮ್ಮನವರು ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ೨೦೨೧ರಲ್ಲಿ ಪದ್ಮಶ್ರೀ ಪಡೆದರು. ಆದರೆ ಎರಡನ್ನು ಒಂದೇ ಎಂದು ಕಲೆಸಬಾರದು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರ ಸಂಗತಿ ಬೇರೆ. ಗಂಡಾಗಿಯೇ ಇದ್ದು ಗಂಡನ್ನು ಒಲಿಯುವವನ ಸಂಗತಿ ಬೇರೆ. ಮೊದಲನೆಯವರಿಗೆ ನಮ್ಮ ಸಮಾಜ ದೇವಿಯ ಹೆಸರಿನಲ್ಲಾದರೂ ಒಂದು ಮೂಲೆ ಕೊಟ್ಟಿತು. ಆ ಮೂಲೆಯೂ ಭಿಕ್ಷೆಯ ಮೂಲೆಯೇ, ಅದು ಬೇರೆ ಮಾತು. ಎರಡನೆಯವನಿಗೆ ಆ ಮೂಲೆಯೂ ಇಲ್ಲ. ಆತ ಅಂಗಿ ಧೋತ್ರ ತೊಟ್ಟು ನಮ್ಮಂತೆಯೇ ಇರುತ್ತಾನೆ. ಆದುದರಿಂದ ಆತ ಇಲ್ಲವೇ ಇಲ್ಲವೆಂದು ನಾವು ನಂಬಿಕೊಂಡಿದ್ದೇವೆ.

ಆ ನಂಬಿಕೆಯ ಬೆಲೆ ತೆರುವವರು ಯಾರೆಂಬುದನ್ನು ಈಗ ನೋಡೋಣ. ಮಗನಿಗೆ ಇಪ್ಪತ್ತೈದಾಯಿತೆಂದರೆ ಮನೆಯಲ್ಲಿ ಕನ್ಯೆ ನೋಡುವ ಗಡಿಬಿಡಿ. ಒಲ್ಲೆ ಎಂದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಮನೆ ಬಿಡಬೇಕು. ಕೊನೆಗೆ ಆತ ತಲೆ ಬಗ್ಗಿಸಿ ತಾಳಿ ಕಟ್ಟುತ್ತಾನೆ. ಎಲ್ಲಿಂದಲೋ ಬಂದ ಒಂದು ಹೆಣ್ಣುಮಗು ಜೀವಮಾನವಿಡೀ ತನ್ನಲ್ಲೇ ಏನೋ ಕೊರತೆಯಿದೆಯೆಂದು ಕೊರಗುತ್ತದೆ. ಒಂದು ಸುಳ್ಳಿಗೆ ಇಬ್ಬರ ಬಾಳು ಬಲಿ. ಇಲ್ಲವೆ ಆತ ಒಂದು ರಾತ್ರಿ ಬೆಂಗಳೂರಿನ ಬಸ್ಸು ಹಿಡಿಯುತ್ತಾನೆ. ಹೆತ್ತವರಿಗೆ ತಿಂಗಳಿಗೊಮ್ಮೆ ಹಣ ಬರುತ್ತದೆ, ಮಗ ಬರುವುದಿಲ್ಲ. ಇವೆರಡೂ ಆಗದವರಲ್ಲಿ ಕೆಲವರು ಹಿಡಿದ ಮೂರನೆಯ ದಾರಿಯನ್ನು ನಾವು ಬರೆಯುವ ಅಗತ್ಯವಿಲ್ಲ. ಬಾವಿ ಹಗ್ಗಗಳ ಸಂಗತಿ ಹಳ್ಳಿಯವರಿಗೆ ಗೊತ್ತು. ಹೊಟ್ಟೆನೋವು ತಾಳಲಾರದೆ ಎಂದು ಬರೆಸಿದ ಮರಣಗಳಲ್ಲಿ ಎಷ್ಟರ ಹಿಂದೆ ಬೇರೆ ನೋವಿತ್ತೆಂಬುದನ್ನು ಯಾವ ಪಂಚನಾಮೆಯೂ ಹೇಳುವುದಿಲ್ಲ.

ಹೊಟ್ಟೆಗೆ ಹಿಟ್ಟಿಲ್ಲದಾಗ ಈ ಮಾತೇಕೆ, ಮೊದಲು ಕೂಲಿಯ ಮಾತಾಡಿರಿ ಎನ್ನುವ ಗೆಳೆಯರಿದ್ದಾರೆ. ಕೂಲಿಯ ಮಾತನ್ನು ನಾವೆಂದೂ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಗುಟ್ಟು ಬಯಲಾದರೆ ಕೆಲಸ ಹೋದೀತೆಂದು ಅಂಜಿದ ಕೂಲಿಕಾರ ಮಾಲೀಕನೆದುರು ಬಾಯಿ ತೆರೆಯಬಲ್ಲನೇ? ಬೆದರಿಕೆಗೆ ಒಳಗಾದವನು ಮುಷ್ಕರದ ದಿನ ಯಾರ ಪಕ್ಷದಲ್ಲಿ ನಿಂತಾನು? ಒಬ್ಬನ ಕೊರಳಿಗೆ ಹಗ್ಗ ಸಿಕ್ಕಿದ್ದರೆ ಅದನ್ನು ಎಳೆಯುವ ಕೈ ಮಾಲೀಕನದೇ ಆಗುತ್ತದೆ. ಜಾತಿಯ ಹೆಸರಿನಲ್ಲಿ ದುಡಿಯುವವರನ್ನು ಒಡೆದದ್ದು ಸಾಲದೆ? ಇನ್ನೊಂದು ಬಿರುಕನ್ನು ನಾವೇ ಏಕೆ ಕಾಯ್ದಿಡಬೇಕು?

ಇದು ಧರ್ಮಕ್ಕೆ ವಿರುದ್ಧವೆನ್ನುವವರೊಡನೆ ನಾವು ಶಾಸ್ತ್ರದ ವಾದಕ್ಕೆ ಇಳಿಯುವುದಿಲ್ಲ. ಒಂದೇ ಪ್ರಶ್ನೆ ಕೇಳುತ್ತೇವೆ: ಆ ಹುಡುಗ ಯಾರ ಗಂಟು ಕದ್ದಿದ್ದಾನೆ? ಯಾರ ಹೊಲ ನುಂಗಿದ್ದಾನೆ? ತಕ್ಕಡಿಯಲ್ಲಿ ಕಪಟ ಮಾಡಿದವನೂ ಬಡ್ಡಿಗೆ ಬಡ್ಡಿ ಹಾಕಿದವನೂ ಗುಡಿಯ ಜಾತ್ರೆಯಲ್ಲಿ ಮುಂದಿನ ಸಾಲಿನಲ್ಲಿ ಕೂಡುತ್ತಾರೆ. ಯಾರಿಗೂ ಕೇಡು ಬಗೆಯದವನನ್ನು ಮಾತ್ರ ಮೆಟ್ಟಿಲ ಕೆಳಗೆ ನಿಲ್ಲಿಸುವುದು ಯಾವ ಧರ್ಮ?

ಹೊಸರಿತ್ತಿಯ ಮಣ್ಣಿಗೆ ಇನ್ನೊಂದು ನೆನಪಿದೆ. ೧೯೪೩ರ ಏಪ್ರಿಲ್ ೧ರಂದು ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಪರಕೀಯ ಸರಕಾರದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋಗಿ, ತಿರಕಪ್ಪ ಮಡಿವಾಳರ ಹಾಗೂ ವೀರಯ್ಯ ಹಿರೇಮಠರೊಡನೆ ಅಲ್ಲಿಯೇ ಪೊಲೀಸರ ಗುಂಡಿಗೆ ಬಲಿಯಾದರು. ಅವರು ಜೀವ ಕೊಟ್ಟದ್ದು ಅಂಜದೆ ಬಾಳುವ ನಾಡಿಗಾಗಿ. ಆ ಚಳವಳಿಯ ದಿನಗಳಲ್ಲಿ ಊರೂರುಗಳಲ್ಲಿ ಪ್ರಭಾತಫೇರಿ ಹೊರಡುತ್ತಿತ್ತು; ಒಬ್ಬೊಬ್ಬರೇ ಆಡಲು ಅಂಜುತ್ತಿದ್ದ ಮಾತನ್ನು ಜನ ಕೂಡಿ ಹಾಡಿದರು. ಆ ಸ್ವಾತಂತ್ರ್ಯವು ಕೆಲವರ ಮನೆ ಬಾಗಿಲಿನ ತನಕ ಬಂದು ಹೊರಗೇ ನಿಂತಿದೆಯೆಂದರೆ ಅದು ಹುತಾತ್ಮರಿಗೆ ಗೌರವ ತರುವ ಸಂಗತಿಯಲ್ಲ.

ಹಾಗಾದರೆ ಹೊಸರಿತ್ತಿಯಲ್ಲಿ ನಾಳೆಯೇ ಇಂಥದೊಂದು ಮೇಳ ಕಟ್ಟಬೇಕೆಂದು ನಾವು ಹೇಳುತ್ತೇವೆಯೇ? ಇಲ್ಲ. ಮೇಳವನ್ನು ಕಟ್ಟುವವರು ಅದರ ಜನರೇ ಆಗಬೇಕು. ಹೊರಗಿನವರು ಕಟ್ಟಿಕೊಟ್ಟ ಸಂಘದ ಗತಿಯೇನೆಂಬುದನ್ನು ಗಿರಣಿಯವರು ಬಲ್ಲರು. ನಾವು ಕೇಳುವುದು ಅದಕ್ಕಿಂತ ಕಡಿಮೆಯದು, ಆದರೆ ಇಂದೇ ಮಾಡಬಹುದಾದದ್ದು.

ಒಂದು: ಒಲ್ಲೆನೆಂದ ಮಗನಿಗೆ ಬಲವಂತದ ಮದುವೆ ಮಾಡಬೇಡಿರಿ. ಆತನಿಗಾಗಿ ಅಲ್ಲದಿದ್ದರೂ, ಮನೆ ತುಂಬಲು ಬರುವ ಆ ಹೆಣ್ಣುಮಗಳಿಗಾಗಿಯಾದರೂ.

ಎರಡು: ಇಂಥವನೆಂಬ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯಬಾರದು, ಬಾಡಿಗೆಯ ಖೋಲಿಯಿಂದ ಹೊರಹಾಕಬಾರದು, ಅಂಗಡಿಯಲ್ಲಿ ಉದ್ರಿ ನಿಲ್ಲಿಸಬಾರದು. ಹಾಗಾದಲ್ಲಿ ಕಾರ್ಮಿಕ ಸಂಘ ಅದನ್ನು ತನ್ನದೇ ತಂಟೆಯೆಂದು ಎತ್ತಿಕೊಳ್ಳಬೇಕು. ಇಂಥವನನ್ನು ಹೆದರಿಸಿ ಹಣ ಕೀಳುವ ಪುಂಡರಿಗೆ ವ್ಯಾಪಾರಸ್ಥರು ಆಶ್ರಯ ಕೊಡಬಾರದು.

ಮೂರು: ಗಿರಣಿಯ ಬಾಗಿಲಲ್ಲಿ, ಚಹಾದಂಗಡಿಯಲ್ಲಿ ಇಂಥವರನ್ನು ಕುರಿತು ನಡೆಯುವ ಹಾಸ್ಯವನ್ನು ನಿಲ್ಲಿಸಿರಿ. ಆ ಮಾತಿಗೆ ನಗುತ್ತಿರುವವರಲ್ಲಿ ಒಬ್ಬ ಅಂಜಿ ನಗುತ್ತಿರಬಹುದು. ಆತ ನಿಮ್ಮ ತಮ್ಮನೇ ಇರಬಹುದು.

ಕಾಯಿದೆ ಬದಲಾಯಿತು, ಅದು ಪೊಲೀಸರ ಅಂಜಿಕೆಯನ್ನಷ್ಟೇ ತೆಗೆಯಬಲ್ಲದು. ನೆರೆಯವರ ಅಂಜಿಕೆಯನ್ನು ತೆಗೆಯಬಲ್ಲವರು ನೆರೆಯವರು ಮಾತ್ರ. ಅತ್ತ ಸ್ಯಾನ್ ಫ್ರಾನ್ಸಿಸ್ಕೋದ ಮೆಟ್ಟಿಲ ಮೇಲೆಯೂ ಇತ್ತ ಮುಂಬಯಿಯ ವೇದಿಕೆಯ ಮೇಲೆಯೂ ನಿಂತ ಆ ಜನ ಮೊದಲು ತಮ್ಮೊಳಗೆ ಜೊತೆ ಕಂಡುಕೊಂಡರು, ಆ ಮೇಲೆ ಜಗತ್ತಿನ ಎದುರು ಬಾಯಿ ತೆರೆದರು. ನಮ್ಮ ಊರಿನ ಮಕ್ಕಳು ಆ ಜೊತೆಗಾಗಿ ಊರು ಬಿಟ್ಟು ಹೋಗಬೇಕೇ, ಇಲ್ಲವೆ ಇಲ್ಲಿಯ ಮೇಳದಲ್ಲಿಯೇ, ಇಲ್ಲಿಯ ಸಂಘದಲ್ಲಿಯೇ, ತಾವು ಇದ್ದಂತೆಯೇ ನಿಲ್ಲಬಹುದೇ? ಇದನ್ನು ತೀರ್ಮಾನಿಸುವ ಕೋರ್ಟು ದಿಲ್ಲಿಯಲ್ಲಿಲ್ಲ. ಅದು ನಮ್ಮ ಓಣಿಯಲ್ಲಿದೆ, ಮತ್ತು ಅದರ ಪಂಚರು ನಾವೇ.